ಮದರಾಸಿನಲ್ಲಿ ಸಿಕ್ಕ 87 ಸಿಲ್ವಿಯಾ: 5.18 ಗಂಟೆ ಬರಬೇಕಾದಲ್ಲಿ 4.68 ಯಾಕೆ ಬರ್ತಿದೆ?

ಹೇಮಾವತಿ_ದಡ

ಎಲ್ಲರಿಗೂ ನಮಸ್ಕಾರ. 87 ಸಿಲ್ವಿಯಾ ಕ್ಷುದ್ರಗ್ರಹದ ಬೆಳಕಿನ ಏರಿಳಿತ ಅಳೆದು, ಅದು ತನ್ನ ಸುತ್ತ ಒಂದು ಸಲ ತಿರುಗೋಕೆ ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕ್ತಿದ್ದೇನೆ. ಪ್ರಕಟವಾಗಿರೋ ಅವಧಿ 5.18 ಗಂಟೆ. ನನಗೆ ಬರ್ತಿರೋದು 4.68. ಗ್ರಾಫ್ ಕೆಟ್ಟದಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಎರಡೂ ರಾತ್ರಿಯ ಚುಕ್ಕೆಗಳು ಒಂದರ ಮೇಲೊಂದು ಚೆನ್ನಾಗೇ ಕೂತಿವೆ.

ಸಲಕರಣೆ: 200 ಮಿಮೀ (8 ಇಂಚು) ಎಫ್/5 ನ್ಯೂಟೋನಿಯನ್ ಕನ್ನಡಿ ದೂರದರ್ಶಕ, ಜರ್ಮನ್ ಇಕ್ವಟೋರಿಯಲ್ ಮೌಂಟ್, 3.76 ಮೈಕ್ರಾನ್ ಪಿಕ್ಸೆಲ್‌ನ ಕಪ್ಪು-ಬಿಳುಪು ಸಿಮಾಸ್ ಕ್ಯಾಮೆರಾ, 2×2 ಬಿನ್ನಿಂಗ್ (ನಾಲ್ಕು ಪಿಕ್ಸೆಲ್ ಸೇರಿಸಿ ಒಂದಾಗಿ ಓದೋದು), ಫಿಲ್ಟರ್ ಇಲ್ಲ. ಜಾಗ ಸಕಲೇಶಪುರದ ಹತ್ತಿರ. ಪ್ರತಿ ಎಕ್ಸ್‌ಪೋಷರ್ 90 ಸೆಕೆಂಡ್. ಸತತ ಎರಡು ರಾತ್ರಿ, ಎರಡೂ ದಿನ ಒಂಬತ್ತರಿಂದ ಹನ್ನೆರಡರವರೆಗೆ. ಹೋಲಿಕೆಗೆ ತಗೊಂಡ ನಕ್ಷತ್ರಗಳು ಮೊದಲ ದಿನದ್ದೇ ಬೇರೆ, ಎರಡನೇ ದಿನದ್ದೇ ಬೇರೆ.

ಇದರ ಜೊತೆ ಇನ್ನೂ ಮೂರು ಪ್ರಶ್ನೆ. ಸಿಲ್ವಿಯಾಕ್ಕೆ ಎರಡು ಉಪಗ್ರಹ ಇವೆಯಂತೆ, 8 ಇಂಚಿನಲ್ಲಿ ಒಂದಾದರೂ ಸಿಗುತ್ತಾ? ಅದರ ಸಾಂದ್ರತೆ ಒಂದು ಕಡೆ 1.2, ಇನ್ನೊಂದು ಕಡೆ 1.4 ಅಂತಿದೆ, ಯಾವುದು ಸರಿ? ಕ್ಯಾಮೆರಾ ಹಿಡಿದಿರೋ ನನಗೇ ಇದನ್ನು ಹುಡುಕೋದು ಕಷ್ಟವಾದಾಗ, 1866ರಲ್ಲಿ ಮದರಾಸಿನ ಖಗೋಳಜ್ಞ ಪಾಗ್ಸನ್ ಬರೀ ಕಣ್ಣನ್ನು ಐಪೀಸಿಗೆ ಇಟ್ಟು ಹೇಗೆ ಕಂಡುಹಿಡಿದರು?

ಬೆಳಕಳತೆ

ಹೇಮಾವತಿಯವರೇ, ನಿಮ್ಮ ಅಳತೆ ತಪ್ಪಿಲ್ಲ, ಜೋಡಣೆ ತಪ್ಪಿದೆ. 4.68 ಅನ್ನೋ ಸಂಖ್ಯೆಯೇ ಎಲ್ಲಿ ತಪ್ಪಿದೆ ಅಂತ ಹೇಳ್ತಿದೆ.

ಸಿಲ್ವಿಯಾ ಉದ್ದನೆಯ ಆಲೂಗಡ್ಡೆ ಥರ, ಸರಿಸುಮಾರು 363 × 249 × 191 ಕಿಮೀ. ಅಗಲದ ಮೈ ತೋರಿಸಿದಾಗ ಹೊಳಪು ಹೆಚ್ಚು, ತುದಿ ತೋರಿಸಿದಾಗ ಕಮ್ಮಿ. ಹಾಗಾಗಿ ಒಂದು ಪೂರ್ತಿ ಸುತ್ತಿನಲ್ಲಿ ಎರಡು ಏರು, ಎರಡು ಇಳಿ. ಈ ಎರಡು ಅರ್ಧಗಳೂ ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ತೊಂದರೆ ಹುಟ್ಟೋದೇ ಇಲ್ಲಿ.

ಲೆಕ್ಕ ನೋಡಿ. 24 ಗಂಟೆಯಲ್ಲಿ ಸಿಲ್ವಿಯಾ 24 ÷ 5.1836 = 4.63 ಸುತ್ತು ಹಾಕುತ್ತೆ. ನಿನ್ನೆ ರಾತ್ರಿ ಒಂಬತ್ತಕ್ಕೆ ಯಾವ ಮುಖ ಇತ್ತೋ, ಇವತ್ತು ಒಂಬತ್ತಕ್ಕೆ ಅದಕ್ಕಿಂತ 0.63 ಸುತ್ತು ಮುಂದಿನ ಮುಖ ಇರುತ್ತೆ. ಅಂದರೆ ಎರಡನೇ ರಾತ್ರಿ ನೀವು ಅಳೆದಿದ್ದು ಬಹುಪಾಲು ಇನ್ನೊಂದು ಅರ್ಧವನ್ನ. ಆದರೆ ತಂತ್ರಾಂಶಕ್ಕೆ ಎರಡೂ ಅರ್ಧ ಒಂದೇ ಥರ ಕಾಣಿಸ್ತವೆ. ಮಧ್ಯೆ ಅರ್ಧ ಸುತ್ತು ಜಾಸ್ತಿ ಆಗಿರಬಹುದು ಅಂತ ಅದು ಅಂದುಕೊಂಡರೆ 24 ÷ 5.13 = 4.68 ಗಂಟೆ. ಅರ್ಧ ಸುತ್ತು ಕಮ್ಮಿ ಅಂದುಕೊಂಡರೆ 24 ÷ 4.13 = 5.81 ಗಂಟೆ. ನಿಮ್ಮ ತಂತ್ರಾಂಶದ ಅವಧಿ-ಹುಡುಕಾಟದ ಗ್ರಾಫ್ ತೆಗೆದು ನೋಡಿ, 5.81ರ ಹತ್ತಿರವೂ ಒಂದು ಗುಂಡಿ (ಚುಕ್ಕೆಗಳು ಚೆನ್ನಾಗಿ ಹೊಂದೋ ಅವಧಿಯ ಗುರುತು) ಇರಲೇಬೇಕು. ಇದ್ದರೆ ರೋಗ ಇದೇ.

ಎರಡು ರಾತ್ರಿಗೆ ಬೇರೆ ಬೇರೆ ಹೋಲಿಕೆ ನಕ್ಷತ್ರ ಹಿಡಿದದ್ದು ಇದನ್ನ ಇನ್ನಷ್ಟು ಕೆಡಿಸಿದೆ. ಶೂನ್ಯಬಿಂದು (ಹೊಳಪನ್ನ ಎಲ್ಲಿಂದ ಎಣಿಸ್ತೀವೋ ಆ ಆಧಾರ) ಎರಡು ದಿನಕ್ಕೂ ಬೇರೆ ಆಗಿದ್ದರಿಂದ ತಂತ್ರಾಂಶ ಒಂದು ರಾತ್ರಿಯ ಚುಕ್ಕೆಗಳನ್ನ ಮೇಲೆ ಕೆಳಗೆ ಸರಿಸಿ ಹೇಗೆ ಬೇಕೋ ಹಾಗೆ ಕೂರಿಸಿಬಿಡುತ್ತೆ. ಎರಡು ಏರುಗಳ ಎತ್ತರದಲ್ಲಿ ಇರೋ ಸಣ್ಣ ವ್ಯತ್ಯಾಸ, ಈ ಅರ್ಧ ಬೇರೆ ಆ ಅರ್ಧ ಬೇರೆ ಅಂತ ಹೇಳಬಲ್ಲ ಒಂದೇ ಸಾಕ್ಷಿ, ಅಲ್ಲೇ ಅಳಿಸಿಹೋಗುತ್ತೆ.

ಇದಕ್ಕೆ ನೂರು ಚಿತ್ರ ಹೊಸದಾಗಿ ತೆಗೆಯೋದು ಬೇಡ. ಈಗ ಇರೋದರಲ್ಲೇ ಒಂದು ಪರೀಕ್ಷೆ ಮಾಡಿ. ಎರಡು ರಾತ್ರಿಯನ್ನ ಜೋಡಿಸದೆ, ಒಂದೇ ರಾತ್ರಿಯ ಗ್ರಾಫಿನಲ್ಲಿ ಎರಡು ಇಳಿತದ ತಳ ಸಿಕ್ಕಿದ್ದರೆ ಅವುಗಳ ನಡುವಿನ ಕಾಲ ಅಳೆಯಿರಿ. ನಿಜವಾದ ಅವಧಿಗೆ ಅದು 2 ಗಂಟೆ 35 ನಿಮಿಷದ ಆಸುಪಾಸು ಇರಬೇಕು. 4.68 ನಿಜವಾಗಿದ್ದರೆ 2 ಗಂಟೆ 20 ನಿಮಿಷ. 5.81 ಆಗಿದ್ದರೆ 2 ಗಂಟೆ 54 ನಿಮಿಷ. ಕಾಲು ಗಂಟೆಯ ವ್ಯತ್ಯಾಸವನ್ನ 90 ಸೆಕೆಂಡಿನ ಚಿತ್ರಗಳು ಆರಾಮಾಗಿ ಹಿಡೀತವೆ.

ಮುಂದಿನ ಸಲಕ್ಕೆ:

ಒಂದೇ ರಾತ್ರಿಯಲ್ಲಿ ಕನಿಷ್ಠ ಆರು ಗಂಟೆ ಎಡೆಬಿಡದೆ ತೆಗೆಯಿರಿ. ಒಂದು ಪೂರ್ತಿ ಸುತ್ತು ಮುಗಿದು ಮೇಲೆ ಮುಕ್ಕಾಲು ಗಂಟೆಯಾದರೂ ಮತ್ತೆ ಅದೇ ಮುಖ ಬರಬೇಕು. ಸೂರ್ಯನಿಗೆ ನೇರ ಎದುರಾಗೋ ದಿನಗಳಲ್ಲಿ, ಕ್ಷುದ್ರಗ್ರಹ ಖಗೋಳ ಸಮಭಾಜಕದ ಹತ್ತಿರ ಇದ್ದರೆ, ನಮ್ಮ ಅಕ್ಷಾಂಶದಲ್ಲಿ 30 ಡಿಗ್ರಿಗಿಂತ ಮೇಲೆ ಏಳೆಂಟು ಗಂಟೆ ಇರುತ್ತೆ. ಸಿಲ್ವಿಯಾ ಹೀಗೆ ಎದುರಾಗೋದು ಸುಮಾರು 14 ತಿಂಗಳಿಗೊಮ್ಮೆ, ಆಗ ಹೊಳಪು 11ರಿಂದ 12ನೇ ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಮಂಕು). ಆರು ಗಂಟೆ ಆಗೋದೇ ಇಲ್ಲ ಅಂದರೆ ಎರಡನೇ ರಾತ್ರಿ ಮಧ್ಯರಾತ್ರಿ ನಂತರ ಶುರು ಮಾಡಿ, ದಿನಾ ಒಂದೇ ಹೊತ್ತಿಗೆ ಬೇಡ. ಅಮೆರಿಕದಲ್ಲಿ ಇರೋ ನಮ್ಮವರು ಯಾರಾದರೂ ಅದೇ ದಿನ ಅಲ್ಲಿಂದ ಮೂರು ಗಂಟೆ ತೆಗೆದುಕೊಟ್ಟರೆ ಇನ್ನೂ ಒಳ್ಳೆಯದು. 24 ಗಂಟೆಯ ಅಂತರ ಮುರಿಯುತ್ತೆ, ಈ ಸುಳ್ಳು ಅವಧಿಗಳು ಬಿದ್ದುಹೋಗ್ತವೆ.

ಹೋಲಿಕೆ ನಕ್ಷತ್ರ ಎರಡೂ ದಿನಕ್ಕೆ ಅವೇ ಇರಲಿ. ಎದುರಾದ ದಿನಗಳಲ್ಲಿ ಸಿಲ್ವಿಯಾ ಗಂಟೆಗೆ ಸುಮಾರು 28 ಆರ್ಕ್‌ಸೆಕೆಂಡ್, ದಿನಕ್ಕೆ 11 ಆರ್ಕ್‌ಮಿನಿಟ್ ಸರಿಯುತ್ತೆ (ಒಂದು ಡಿಗ್ರಿಗೆ 60 ಆರ್ಕ್‌ಮಿನಿಟ್, ಒಂದು ಆರ್ಕ್‌ಮಿನಿಟಿಗೆ 60 ಆರ್ಕ್‌ಸೆಕೆಂಡ್). ನಿಮ್ಮ ಚಿತ್ರ ಒಂದು ಡಿಗ್ರಿ ಅಗಲ ಇದ್ದರೆ, ಕ್ಷುದ್ರಗ್ರಹವನ್ನ ನಡುವಿಗೆ ತರದೆ ಒಂದು ಬದಿಗೆ ಇಟ್ಟು ಶುರು ಮಾಡಿ. ಮೂರು ರಾತ್ರಿ ದೂರದರ್ಶಕವನ್ನ ಅದೇ ಜಾಗಕ್ಕೆ ತಿರುಗಿಸಿದರೂ ಸಾಕು. ಫಿಲ್ಟರ್ ಇಲ್ಲದ್ದರಿಂದ ನಕ್ಷತ್ರದ ಬಣ್ಣ ಮುಖ್ಯ: ಸೂರ್ಯನ ಬಣ್ಣಕ್ಕೆ ಹತ್ತಿರ ಇರೋವು, ಬಿ−ವಿ (ನಕ್ಷತ್ರದ ಬಣ್ಣ ಹೇಳೋ ಸಂಖ್ಯೆ) 0.5ರಿಂದ 0.8ರ ಒಳಗಿನವು ನಾಲ್ಕೈದು ಆರಿಸಿ. ಕೆಂಪು ನಕ್ಷತ್ರ ಹಿಡಿದರೆ ಕ್ಷಿತಿಜಕ್ಕೆ ಇಳಿಯುವಾಗ ಗ್ರಾಫಿಗೆ ಒಂದು ಸುಳ್ಳು ಇಳಿಜಾರು ಬರುತ್ತೆ.

ಎಕ್ಸ್‌ಪೋಷರ್ 90 ಸೆಕೆಂಡ್ ಸರಿಯಾಗಿದೆ. ಅಷ್ಟು ಹೊತ್ತಿನಲ್ಲಿ ಅದು ಸರಿಯೋದು 0.7 ಆರ್ಕ್‌ಸೆಕೆಂಡ್. ನಿಮ್ಮ ಬಿನ್ ಮಾಡಿದ ಪಿಕ್ಸೆಲ್ 1.55 ಆರ್ಕ್‌ಸೆಕೆಂಡ್, ಅರ್ಧ ಪಿಕ್ಸೆಲ್ ಕೂಡ ಅಲ್ಲ. ಸಂಕೇತ-ಗದ್ದಲದ ಅನುಪಾತ 100 ದಾಟಿದರೆ ತಪ್ಪು 0.01 ಮ್ಯಾಗ್ನಿಟ್ಯೂಡಿಗೆ ಇಳಿಯುತ್ತೆ, ಅದು ಸಾಕು. ಏರಿಳಿತವೇ 0.3ಕ್ಕಿಂತ ಹೆಚ್ಚು ಇರುತ್ತೆ.

ಇನ್ನೆರಡು ಕಡೆ ಎಚ್ಚರ. ಎದುರಾದ ದಿನ ಕ್ಷುದ್ರಗ್ರಹ ನೆತ್ತಿರೇಖೆ ದಾಟೋದು ಮಧ್ಯರಾತ್ರಿ, ಅಂದರೆ ನಿಮ್ಮ ಮೌಂಟ್ ದೂರದರ್ಶಕವನ್ನ ಇನ್ನೊಂದು ಬದಿಗೆ ಮಗುಚೋದು ಸರಿಯಾಗಿ ಅಳತೆಯ ನಡುವೆ. ಮಗುಚಿದ ಮೇಲೆ ಪ್ರತಿ ನಕ್ಷತ್ರವೂ ಕ್ಯಾಮೆರಾ ಚಿಪ್ಪಿನ ಎದುರು ಮೂಲೆಗೆ ಹೋಗುತ್ತೆ. ಫ್ಲಾಟ್ ಚಿತ್ರ (ಚಿಪ್ಪಿನ ಮೂಲೆ ಮೂಲೆಯ ಬೆಳಕಿನ ವ್ಯತ್ಯಾಸ ತಿದ್ದೋಕೆ ತೆಗೆಯೋದು) ಸರಿಯಿಲ್ಲದಿದ್ದರೆ ಗ್ರಾಫಿನಲ್ಲಿ ಅಲ್ಲೇ ಒಂದು ಮೆಟ್ಟಿಲು ಬೀಳುತ್ತೆ. ಎರಡನೆಯದು ಮಲೆನಾಡಿನ ಇಬ್ಬನಿ. ಸೆಕೆಂಡರಿ ಕನ್ನಡಿ ಮಂಜಾದರೆ ಹೋಲಿಕೆ ನಕ್ಷತ್ರವೂ ಕ್ಷುದ್ರಗ್ರಹವೂ ಒಟ್ಟಿಗೇ ಮಂಕಾಗೋದರಿಂದ ಗ್ರಾಫ್ ಸರಿಯಾಗೇ ಇದ್ದಂತೆ ಕಾಣುತ್ತೆ, ಚುಕ್ಕೆಗಳು ಮಾತ್ರ ಗಂಟೆಗಂಟೆಗೂ ಚದುರ್ತಾ ಹೋಗ್ತವೆ. ಕೊನೆಯ ಗಂಟೆಯ ಚುಕ್ಕೆಗಳು ಮೊದಲ ಗಂಟೆಗಿಂತ ಎರಡು ಪಟ್ಟು ಚದುರಿದ್ದರೆ ಮೊದಲು ಕನ್ನಡಿ ನೋಡಿ.

ಕೆಪ್ಲರ್_ಲೆಕ್ಕ

ಉಪಗ್ರಹ ಮತ್ತು ಸಾಂದ್ರತೆಯ ಪ್ರಶ್ನೆಗೆ ಉತ್ತರ. ಎರಡೂ ಒಂದೇ ಎಳೆಯವು.

8 ಇಂಚಿನಲ್ಲಿ ಎರಡೂ ಸಿಗೋದಿಲ್ಲ. ಎಷ್ಟು ದೂರದ ಮಾತು ಅಂತ ಸಂಖ್ಯೆಯಲ್ಲೇ ನೋಡಿ. ಸಿಲ್ವಿಯಾ ಸೂರ್ಯನಿಂದ ಸರಾಸರಿ 3.48 ಖಗೋಳಮಾನ (ಒಂದು ಖಗೋಳಮಾನ ಅಂದರೆ ಭೂಮಿಗೂ ಸೂರ್ಯನಿಗೂ ಇರೋ ದೂರ) ದೂರದಲ್ಲಿದೆ, ಮುಖ್ಯ ಪಟ್ಟಿಯ ಹೊರ ಅಂಚಿನ ಸಿಬೆಲೆ ಗುಂಪಿನಲ್ಲಿ. ಸೂರ್ಯನ ಸುತ್ತ ಒಂದು ಸಲ ಬರೋಕೆ ಆರೂವರೆ ವರ್ಷ. ಎದುರಾದಾಗ ನಮ್ಮಿಂದ ಸುಮಾರು 37 ಕೋಟಿ ಕಿಮೀ. ಅಲ್ಲಿ 271 ಕಿಮೀ ಸರಾಸರಿ ವ್ಯಾಸ ಅಂದರೆ 0.15 ಆರ್ಕ್‌ಸೆಕೆಂಡ್. ದೊಡ್ಡ ಉಪಗ್ರಹ ರೋಮುಲಸ್ ಸುತ್ತೋದು ಸುಮಾರು 1,350 ಕಿಮೀ ದೂರದಲ್ಲಿ, ಆಕಾಶದಲ್ಲಿ ಹೆಚ್ಚೆಂದರೆ 0.75 ಆರ್ಕ್‌ಸೆಕೆಂಡ್ ಅಂತರ. ಸಣ್ಣದು, ರೀಮಸ್, 706 ಕಿಮೀ ದೂರದಲ್ಲಿ, 0.4 ಆರ್ಕ್‌ಸೆಕೆಂಡಿಗೂ ಒಳಗೆ. ನಿಮ್ಮ ಕನ್ನಡಿಯ ಬೇರ್ಪಡಿಸುವ ಮಿತಿ 0.7. ಅದನ್ನೂ ವಾತಾವರಣದ ನಡುಕ ಎರಡು ಆರ್ಕ್‌ಸೆಕೆಂಡಿಗೆ ಹಿಗ್ಗಿಸಿಬಿಡುತ್ತೆ. ಸಾಲದ್ದಕ್ಕೆ ರೋಮುಲಸ್ ಸುಮಾರು 18 ಕಿಮೀ, ರೀಮಸ್ 7 ಕಿಮೀ. ಮೈ ಒಂದೇ ಥರ ಕಪ್ಪು ಅಂತ ಇಟ್ಟುಕೊಂಡರೆ ರೋಮುಲಸ್‌ನ ಹೊಳಪು ಸಿಲ್ವಿಯಾದ 230ರಲ್ಲಿ ಒಂದು ಪಾಲು, ರೀಮಸ್‌ನದು 1,500ರಲ್ಲಿ ಒಂದು.

ಹೀಗಾಗಿಯೇ ಕ್ಷುದ್ರಗ್ರಹ ಸಿಕ್ಕಿ 135 ವರ್ಷ ಕಾಯಬೇಕಾಯಿತು. ವಾತಾವರಣದ ನಡುಕವನ್ನ ಕ್ಷಣಕ್ಷಣಕ್ಕೂ ತಿದ್ದೋ ಅಡಾಪ್ಟಿವ್ ಆಪ್ಟಿಕ್ಸ್ ಬಂದ ಮೇಲೆ, 2001ರ ಫೆಬ್ರವರಿ 18ರಂದು ಹವಾಯಿಯ ಕೆಕ್ 2 ದೂರದರ್ಶಕದಲ್ಲಿ ಮೈಕೆಲ್ ಬ್ರೌನ್ ಮತ್ತು ಜಾನ್-ಲುಕ್ ಮಾರ್ಗೊ ರೋಮುಲಸ್ ಕಂಡರು. ರೀಮಸ್ ಸಿಕ್ಕಿದ್ದು ಚಿಲಿಯ ವಿಎಲ್‌ಟಿ (ವೆರಿ ಲಾರ್ಜ್ ಟೆಲಿಸ್ಕೋಪ್) ಸಮೂಹದ ಯೆಪುನ್ ದೂರದರ್ಶಕ 2004ರಲ್ಲಿ ತೆಗೆದ ಚಿತ್ರಗಳಲ್ಲಿ. ಫ್ರಾಂಕ್ ಮಾರ್ಚಿಸ್ ಮತ್ತು ಸಂಗಡಿಗರು 2005ರ ಆಗಸ್ಟಿನಲ್ಲಿ ಪ್ರಕಟಿಸಿದರು. ಎರಡು ಉಪಗ್ರಹ ಇರೋ ಕ್ಷುದ್ರಗ್ರಹ ಅಂತ ಗೊತ್ತಾದದ್ದು ಅದೇ ಮೊದಲು.

ಉಪಗ್ರಹ ಸಿಕ್ಕರೆ ತಕ್ಕಡಿ ಸಿಕ್ಕ ಹಾಗೆ. ರೋಮುಲಸ್‌ನ ದೂರ 1,356 ಕಿಮೀ, ಅವಧಿ 3.65 ದಿನ ಅಂತ ಇಟ್ಟು ನೀವೇ ಕೂಡಿಸಿ. ದೂರವನ್ನ ಮೀಟರಿಗೆ ತಂದು ಘನ ಮಾಡಿ: 2.49 × 10¹⁸. ಅದನ್ನ 39.48ರಿಂದ (ಪೈ ವರ್ಗದ ನಾಲ್ಕು ಪಟ್ಟು) ಗುಣಿಸಿ. ಅವಧಿಯನ್ನ ಸೆಕೆಂಡಿಗೆ ತಂದು ವರ್ಗ ಮಾಡಿ, ಗುರುತ್ವ ಸ್ಥಿರಾಂಕದಿಂದ ಗುಣಿಸಿದರೆ ಸುಮಾರು 6.64. ಭಾಗಿಸಿದರೆ 1.48 × 10¹⁹ ಕೆಜಿ. 2005ರಲ್ಲಿ ಪ್ರಕಟವಾದದ್ದೂ ಇದೇ ಸಂಖ್ಯೆ. ಆಮೇಲಿನ ಅಳತೆಗಳು ಕಕ್ಷೆಯನ್ನ ಸ್ವಲ್ಪ ಒಳಕ್ಕೆ ಎಳೆದಿದ್ದರಿಂದ ಈಗ 1.44 × 10¹⁹ ಅಂತಾರೆ.

ಈಗ ನಿಮ್ಮ 1.2 ಮತ್ತು 1.4. ದ್ರವ್ಯರಾಶಿಯಲ್ಲಿ ಜಗಳ ಇಲ್ಲ, ವ್ಯಾಸದಲ್ಲಿ ಇದೆ. ವ್ಯಾಸ 286 ಕಿಮೀ ಅಂತ ಇಟ್ಟು 1.48 × 10¹⁹ ಕೆಜಿಯನ್ನ ಭಾಗಿಸಿ, ಘನ ಸೆಂಟಿಮೀಟರಿಗೆ 1.21 ಗ್ರಾಂ ಬರುತ್ತೆ. 271 ಕಿಮೀ ಅಂತ ಇಟ್ಟರೆ 1.42. ವ್ಯಾಸದಲ್ಲಿ ಬರೀ 15 ಕಿಮೀ ವ್ಯತ್ಯಾಸ, ನೂರಕ್ಕೆ ಐದು. ಘನ ಆಗೋದರಿಂದ ಸಾಂದ್ರತೆಯಲ್ಲಿ ನೂರಕ್ಕೆ ಹದಿನೇಳು. ಯಾವ ಕ್ಷುದ್ರಗ್ರಹದ ಸಾಂದ್ರತೆ ಓದುವಾಗಲೂ ಮೊದಲು ವ್ಯಾಸ ಎಲ್ಲಿಂದ ಬಂತು ಅಂತ ನೋಡಿ. ನನ್ನ ಮತ 2021ರಲ್ಲಿ ಪ್ರಕಟವಾದ ಅಧ್ಯಯನದ 1.38ರ ಕಡೆಗೆ. ಅದರ ಆಕಾರ ಬರೀ ಶಾಖದ ಅಳತೆಯಿಂದ ಬಂದದ್ದಲ್ಲ, ಬೆಳಕಿನ ಏರಿಳಿತ, ಅಡಾಪ್ಟಿವ್ ಆಪ್ಟಿಕ್ಸ್ ಚಿತ್ರ, ನಕ್ಷತ್ರ ಮರೆಯಾದ ಅಳತೆ ಮೂರನ್ನೂ ಕೂಡಿಸಿ ಮಾಡಿದ್ದು.

ಎರಡರಲ್ಲಿ ಯಾವುದು ತಗೊಂಡರೂ ಸಿಲ್ವಿಯಾ ಹಗುರ. 2005ರಲ್ಲಿ ಇದನ್ನ ಒಳಗೆಲ್ಲಾ ಪೊಳ್ಳಿರೋ ಕಲ್ಲುಮಣ್ಣಿನ ರಾಶಿ ಅಂದರು. 2021ರ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಇಷ್ಟು ಉದ್ದನೆಯ ಕಾಯ ಒಳಗೆಲ್ಲಾ ಒಂದೇ ಸಮ ಇದ್ದಿದ್ದರೆ ಉಪಗ್ರಹಗಳ ಕಕ್ಷೆ ಒಂದು ವೇಗದಲ್ಲಿ ಹೊರಳಬೇಕಿತ್ತು. ಅಷ್ಟು ಹೊರಳ್ತಿಲ್ಲ. ಅಂದರೆ ತೂಕ ಮಧ್ಯಕ್ಕೆ ಸೇರಿದೆ, ಹೊರಗಿನದು ಸಡಿಲ, ಒಳಗಿನದು ಗಟ್ಟಿ. ಎರಡು ಸಣ್ಣ ಚುಕ್ಕೆಗಳ ಓಡಾಟ ನೋಡಿ ದೊಡ್ಡದರ ಹೊಟ್ಟೆಯೊಳಗೆ ಏನಿದೆ ಅಂತ ಹೇಳೋದು ನನಗಂತೂ ಈ ಇಡೀ ವಿಷಯದ ಅತ್ಯಂತ ಸೊಗಸಾದ ಭಾಗ.

ವಿಶಾಖಾ_13

ಪಾಗ್ಸನ್ ಪ್ರಶ್ನೆಗೆ ನಾನು ಬರೀತೇನೆ.

ನಾರ್ಮನ್ ಪಾಗ್ಸನ್ 1861ರಲ್ಲಿ ಮದರಾಸು ವೀಕ್ಷಣಾಲಯಕ್ಕೆ ಬಂದವರು, 1891ರಲ್ಲಿ ಅಲ್ಲೇ ತೀರಿಕೊಂಡರು. ನೀವು ಅಳೀತಿರೋ ಮ್ಯಾಗ್ನಿಟ್ಯೂಡ್ ಮಾಪಕವೇ ಅವರದು. ಐದು ಮ್ಯಾಗ್ನಿಟ್ಯೂಡ್ ಅಂದರೆ ಸರಿಯಾಗಿ ನೂರು ಪಟ್ಟು ಅಂತ 1856ರಲ್ಲಿ ಸೂಚಿಸಿದ್ದು ಅವರೇ.

ಫೋಟೋ ತೆಗೆದು ಕ್ಷುದ್ರಗ್ರಹ ಹುಡುಕೋದು ಶುರುವಾದದ್ದು 1891ರಲ್ಲಿ, ಮ್ಯಾಕ್ಸ್ ವುಲ್ಫ್ ಕೈಯಲ್ಲಿ. ಅದಕ್ಕೂ ಮುಂಚೆ ಇದ್ದದ್ದು ನಕ್ಷೆ ಮತ್ತು ಕಣ್ಣು. ಕ್ರಾಂತಿವೃತ್ತದ (ಆಕಾಶದಲ್ಲಿ ಸೂರ್ಯ ಸಾಗೋ ದಾರಿ) ಒಂದು ತುಂಡು ಆಕಾಶದಲ್ಲಿ ದೂರದರ್ಶಕಕ್ಕೆ ಕಾಣೋ ಪ್ರತಿ ನಕ್ಷತ್ರವೂ ನಕ್ಷೆಯಲ್ಲಿ ಇರಬೇಕು. ಇಲ್ಲದಿದ್ದರೆ ಮೊದಲು ತಾವೇ ನಕ್ಷೆ ತುಂಬಿಸಬೇಕು. ಆಮೇಲೆ ರಾತ್ರಿ ರಾತ್ರಿ ಅದೇ ತುಂಡನ್ನ ತಾಳೆ ನೋಡೋದು. ನಕ್ಷೆಯಲ್ಲಿ ಇಲ್ಲದ ಚುಕ್ಕೆ ಕಂಡರೆ ಮೂರು ಸಾಧ್ಯತೆ: ನಕ್ಷೆ ಮಾಡುವಾಗ ಬಿಟ್ಟುಹೋದ ನಕ್ಷತ್ರ, ಆಗ ಮಂಕಾಗಿದ್ದ ಚಂಚಲ ನಕ್ಷತ್ರ, ಇಲ್ಲಾ ಕ್ಷುದ್ರಗ್ರಹ. ತೀರ್ಮಾನ ಮಾಡೋದು ಚಲನೆ. ಬೆಳಕಳತೆಯವರು ಕೊಟ್ಟ ವೇಗವನ್ನೇ ಹಿಡಿಯಿರಿ, ಗಂಟೆಗೆ 28 ಆರ್ಕ್‌ಸೆಕೆಂಡ್. ಪಕ್ಕದ ನಕ್ಷತ್ರದಿಂದ ಮೈಕ್ರೋಮೀಟರಿನಲ್ಲಿ ಅಂತರ ಅಳೆದು, ಎರಡು ಗಂಟೆ ಬಿಟ್ಟು ಮತ್ತೆ ಅಳೆದರೆ ಸುಮಾರು ಒಂದು ಆರ್ಕ್‌ಮಿನಿಟ್ ಸರಿದಿರುತ್ತೆ. ಐಪೀಸಿನಲ್ಲಿ ಅದು ಅನುಮಾನಕ್ಕೆ ಎಡೆಯಿಲ್ಲದಷ್ಟು ದೊಡ್ಡದು.

ಮದರಾಸಿನ ಲಾಭ ಏನು ಅನ್ನೋದನ್ನ ದಿನಾಂಕಗಳೇ ಹೇಳ್ತವೆ. 67 ಏಷ್ಯಾ 1861ರ ಏಪ್ರಿಲ್ 17. 80 ಸ್ಯಾಫೊ 1864ರ ಮೇ 2. 87 ಸಿಲ್ವಿಯಾ 1866ರ ಮೇ 16. ಮೂರೂ ಬೇಸಿಗೆ. ವೈಶಾಖದ ಹುಣ್ಣಿಮೆ ಚಂದ್ರ ವಿಶಾಖಾ ನಕ್ಷತ್ರದ ಹತ್ತಿರ ಇರ್ತಾನಲ್ಲ, ಅಂದರೆ ಮೇ ನಡುವಿನಲ್ಲಿ ಸೂರ್ಯನಿಗೆ ನೇರ ಎದುರಿನ ಆಕಾಶ ತುಲಾ ರಾಶಿ. ಅದು ಖಗೋಳ ಸಮಭಾಜಕಕ್ಕಿಂತ ಸುಮಾರು 19 ಡಿಗ್ರಿ ದಕ್ಷಿಣಕ್ಕಿದೆ. ಲಂಡನ್ನಿನಲ್ಲಿ ಆ ತುಂಡು ಎಷ್ಟೇ ಮೇಲೆ ಬಂದರೂ 20 ಡಿಗ್ರಿ ದಾಟೋದಿಲ್ಲ, ಕ್ಷಿತಿಜದ ಮಬ್ಬಿನಲ್ಲೇ ಮುಳುಗಿರುತ್ತೆ. ಮದರಾಸಿನಲ್ಲಿ 58 ಡಿಗ್ರಿ ಎತ್ತರ. 1866ರ ಮೇ 16 ಅಮಾವಾಸ್ಯೆಯಾಗಿ ಬರೀ ಎರಡು ದಿನ, ಚಂದ್ರನ ಬೆಳಕಿನ ಕಾಟವೂ ಇಲ್ಲ. ಬೆಂಗಳೂರು, ಸಕಲೇಶಪುರ ಕೂಡ ಮದರಾಸಿನ ಹಾಗೇ 13 ಡಿಗ್ರಿ ಅಕ್ಷಾಂಶದವು. ಹೇಮಾವತಿಯವರೇ, ಪಾಗ್ಸನ್ ನೋಡಿದ ಆಕಾಶ ನಿಮಗೆ ಅದೇ ಎತ್ತರದಲ್ಲಿ ಸಿಗುತ್ತೆ.

ಹೆಸರಿನ ಬಗ್ಗೆ ಒಂದು ತಪ್ಪು ಮಾಹಿತಿ ಓಡಾಡ್ತಿದೆ. ಫ್ರಾನ್ಸಿನ ಖಗೋಳಜ್ಞ ಕಮೀಲ್ ಫ್ಲಾಮಾರಿಯೊನ್ ಅವರ ಪತ್ನಿ ಸಿಲ್ವಿ ಹೆಸರು ಇಟ್ಟರು ಅಂತ. ಪಾಗ್ಸನ್ ಬರೆದ ಪ್ರಕಟಣೆಯಲ್ಲೇ ರೋಮಿನ ಪುರಾಣದ ರಿಯಾ ಸಿಲ್ವಿಯಾ ಹೆಸರು ಇದು ಅಂತ ಇದೆ, ರೋಮುಲಸ್ ಮತ್ತು ರೀಮಸ್ ಎಂಬ ಅವಳಿಗಳ ತಾಯಿ. ಉಪಗ್ರಹಗಳಿಗೆ ಆ ಮಕ್ಕಳ ಹೆಸರೇ ಬಂದದ್ದು ಅದಕ್ಕೆ.

ಇನ್ನೊಂದು ವಿಷಯ ಹೇಳದೆ ಇರಲಾರೆ. 1868ರ ನವೆಂಬರ್ 17ರಂದು ಪಾಗ್ಸನ್ ಮದರಾಸಿನಿಂದಲೇ 107 ಕ್ಯಾಮಿಲ್ಲಾ ಕಂಡುಹಿಡಿದರು. ಅದೂ ಸಿಬೆಲೆ ಗುಂಪಿನದು, ಅದಕ್ಕೂ ಎರಡು ಉಪಗ್ರಹ: ಒಂದು 2001ರಲ್ಲಿ ಹಬಲ್‌ಗೆ ಸಿಕ್ಕಿತು, ಇನ್ನೊಂದನ್ನ 2016ರಲ್ಲಿ ಪ್ರಕಟಿಸಿದರು. ಆ ವೀಕ್ಷಣಾಲಯದ ಪರಂಪರೆ ಕೊಡೈಕನಾಲಿನ ಮೂಲಕ ಇವತ್ತಿನ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಬಂದು ಸೇರಿದೆ.

ಹೇಮಾವತಿ_ದಡ

ಎಲ್ಲರಿಗೂ ತುಂಬಾ ಧನ್ಯವಾದ. ಅವಧಿ-ಹುಡುಕಾಟದ ಗ್ರಾಫಿನಲ್ಲಿ 5.81ರ ಹತ್ತಿರ ನಿಜವಾಗಿಯೂ ಗುಂಡಿ ಇದೆ, 5.18ರಲ್ಲೂ ಇದೆ, ಮೂರರ ಆಳವೂ ಹೆಚ್ಚುಕಮ್ಮಿ ಒಂದೇ. ಮೊದಲ ರಾತ್ರಿಯಲ್ಲಿ ಎರಡು ಇಳಿತದ ತಳಗಳ ನಡುವೆ 2 ಗಂಟೆ 34 ನಿಮಿಷ ಬಂತು.

ಕೆಪ್ಲರ್_ಲೆಕ್ಕ ಅವರು ನಕ್ಷತ್ರ ಮರೆಯಾದ ಅಳತೆ ಅಂದರಲ್ಲ, ಅದು ಈ ಸಲಕರಣೆಯಲ್ಲಿ ಆಗುತ್ತಾ?

ನೆರಳುಪಟ್ಟಿ

ಆಗುತ್ತೆ. ಉಪಗ್ರಹವನ್ನ ಹಿಡಿಯೋಕೆ ಸಣ್ಣ ದೂರದರ್ಶಕಕ್ಕೆ ಇರೋ ದಾರಿಯೂ ಅದೊಂದೇ.

ಸಿಲ್ವಿಯಾ ಒಂದು ನಕ್ಷತ್ರದ ಮುಂದೆ ಹಾದರೆ ಅದರ ನೆರಳು ಭೂಮಿಯ ಮೇಲೆ ಅದರಷ್ಟೇ ಅಗಲದ ಪಟ್ಟಿಯಾಗಿ ಓಡುತ್ತೆ. ಎದುರಾದ ದಿನಗಳಲ್ಲಿ ವೇಗ ಸೆಕೆಂಡಿಗೆ ಸುಮಾರು 14 ಕಿಮೀ, ಪಟ್ಟಿಯ ನಡುವೆ ನಿಂತವರಿಗೆ ನಕ್ಷತ್ರ ಸರಾಸರಿ 20 ಸೆಕೆಂಡ್ ಮರೆ. ಮುನ್ಸೂಚನೆ ಆಕಲ್ಟ್ ವಾಚರ್ ತಂತ್ರಾಂಶದಲ್ಲಿ ಸಿಗುತ್ತೆ. ನಕ್ಷತ್ರ 10ನೇ ಮ್ಯಾಗ್ನಿಟ್ಯೂಡ್, ಸಿಲ್ವಿಯಾ 12 ಇದ್ದರೆ ಒಟ್ಟು ಹೊಳಪು 9.84ರಿಂದ 12ಕ್ಕೆ ಬೀಳುತ್ತೆ, ಎರಡು ಮ್ಯಾಗ್ನಿಟ್ಯೂಡಿಗೂ ಮಿಗಿಲು. ನಕ್ಷತ್ರ ಸಿಲ್ವಿಯಾಗಿಂತ ಮಂಕಾಗಿದ್ದರೆ ಕುಸಿತ ಅರ್ಧ ಮ್ಯಾಗ್ನಿಟ್ಯೂಡ್ ಚಿಲ್ಲರೆಗೆ ಇಳಿದು ಗದ್ದಲದಲ್ಲಿ ಸೇರಿಹೋಗುತ್ತೆ. ಅಂಥದ್ದಕ್ಕೆ ಮೊದಲ ಸಲವೇ ಕೈ ಹಾಕಬೇಡಿ.

90 ಸೆಕೆಂಡಿನ ಎಕ್ಸ್‌ಪೋಷರ್ ಇಲ್ಲಿ ಕೆಲಸಕ್ಕೆ ಬಾರದು. ಚಿಪ್ಪಿನ ಒಂದು ಸಣ್ಣ ಚೌಕ ಮಾತ್ರ ಓದಿಸಿ, 0.1 ಸೆಕೆಂಡಿನ ವಿಡಿಯೊ ತೆಗೆಯಿರಿ. ಕಾಲ ಜಿಪಿಎಸ್‌ನಿಂದ ಬರಬೇಕು. ಲ್ಯಾಪ್‌ಟಾಪಿನ ಗಡಿಯಾರ ಅರ್ಧ ಸೆಕೆಂಡ್ ತಪ್ಪಿದರೆ ನಿಮ್ಮ ಅಂಚು 7 ಕಿಮೀ ಪಕ್ಕಕ್ಕೆ ಹೋಯಿತು ಅಂತ ಲೆಕ್ಕ. ಸಿಮಾಸ್ ಚಿಪ್ಪು ಸಾಲುಸಾಲಾಗಿ ಓದೋದರಿಂದ ನಕ್ಷತ್ರ ಚೌಕದ ಮೇಲಿದೆಯೋ ಕೆಳಗಿದೆಯೋ ಅನ್ನೋದರ ಮೇಲೂ ಕಾಲ ಒಂಚೂರು ಬದಲಾಗುತ್ತೆ, ಸಾಲಿನ ಸಂಖ್ಯೆ ಬರೆದಿಡಿ.

ಈಗ ರೋಮುಲಸ್. 18 ಕಿಮೀ ಕಾಯಕ್ಕೆ ನಕ್ಷತ್ರ ಮರೆಯಾಗೋದು ಒಂದೂಕಾಲು ಸೆಕೆಂಡ್ ಮಾತ್ರ. ಅದು ಸಿಲ್ವಿಯಾದಿಂದ 1,350 ಕಿಮೀ ಮುಂದೆಯೋ ಹಿಂದೆಯೋ ಇರಬಹುದು, ಅಂದರೆ ಮುಖ್ಯ ಮರೆಯ ಕಾಲಕ್ಕೆ ಸುಮಾರು ನೂರು ಸೆಕೆಂಡ್ ಆಚೆ ಈಚೆ. ಮೂರು ನಿಮಿಷ ಮುಂಚೆ ಶುರು ಮಾಡಿ, ಮೂರು ನಿಮಿಷ ಆದ ಮೇಲೆ ನಿಲ್ಲಿಸಿ. ಅದು ಪಕ್ಕಕ್ಕೂ ಇರಬಹುದಾದ್ದರಿಂದ ಮುಖ್ಯ ಪಟ್ಟಿಯಿಂದ ಸಾವಿರ ಕಿಮೀ ಆಚೆ ಇರೋವರಿಗೆ ಸಿಲ್ವಿಯಾ ತಪ್ಪಿ ರೋಮುಲಸ್ ಒಂದೇ ಸಿಗೋದೂ ಉಂಟು. ಹಾಗಾಗಿ ಪಟ್ಟಿ ನಮ್ಮ ಮೇಲೆ ಹಾದಿಲ್ಲ ಅಂತ ಮಲಗಬೇಡಿ. 2013ರ ಜನವರಿ 6ರಂದು ಯುರೋಪಿನಲ್ಲಿ ಇದೇ ಆಯಿತು. ಉಪಗ್ರಹ ಎಲ್ಲಿರುತ್ತೆ ಅಂತ ಪ್ಯಾರಿಸ್ಸಿನ ಐಎಂಸಿಸಿಇ ಅನ್ನೋ ಖಗೋಳ ಲೆಕ್ಕದ ಸಂಸ್ಥೆಯವರು ಮೊದಲೇ ಲೆಕ್ಕ ಹಾಕಿ ಕೊಟ್ಟಿದ್ದರು, ವೀಕ್ಷಕರು ಸಾಲಾಗಿ ಹರಡಿಕೊಂಡು ನಿಂತರು, ಸಿಲ್ವಿಯಾ ಜೊತೆ ರೋಮುಲಸ್‌ನ ನೆರಳೂ ಸಿಕ್ಕಿತು. ಹಾಗೆ ಅಳೆದಾಗಲೇ ಅದು ಗುಂಡಗಿಲ್ಲ, ಉದ್ದುದ್ದ ಇದೆ ಅಂತ ಗೊತ್ತಾದದ್ದು.

ಬೆಳಕಳತೆ

2 ಗಂಟೆ 34 ನಿಮಿಷ ಅಂದರೆ ಪೂರ್ತಿ ಸುತ್ತು 5.13 ಗಂಟೆ. ತಳ ಗುರುತಿಸೋದರಲ್ಲಿ ಎರಡು ಮೂರು ನಿಮಿಷ ಹೆಚ್ಚುಕಮ್ಮಿ ಆಗೋದು ಸಹಜ, 4.68ಕ್ಕೆ ಹದಿನಾಲ್ಕು ನಿಮಿಷ ತಪ್ಪಬೇಕಿತ್ತು. ಇನ್ನು ಹುಡುಕಾಟದ ವ್ಯಾಪ್ತಿಯನ್ನ 5.0ರಿಂದ 5.4ಕ್ಕೆ ಕಟ್ಟಿ, ಎರಡು ರಾತ್ರಿಯನ್ನ ಮತ್ತೆ ಜೋಡಿಸಿ.

ಆಲ್ಕ್‌ಡೆಫ್‌ಗೆ (ಕ್ಷುದ್ರಗ್ರಹಗಳ ಬೆಳಕಿನ ಅಳತೆ ಸೇರಿಸಿಡೋ ಸಾರ್ವಜನಿಕ ಸಂಗ್ರಹ) ಕಳಿಸೋ ಮುಂಚೆ ಎರಡು ತಿದ್ದುಪಡಿ. ಚಿತ್ರದ ತಲೆಬರಹದಲ್ಲಿ ಇರೋದು ಸಾಮಾನ್ಯವಾಗಿ ಎಕ್ಸ್‌ಪೋಷರ್ ಶುರುವಾದ ಕಾಲ. ನಡುವಿನ ಕಾಲ ಬೇಕು, ಪ್ರತಿ ಚುಕ್ಕೆಗೂ 45 ಸೆಕೆಂಡ್ ಕೂಡಿಸಿ. ಇನ್ನೊಂದು, ಸಿಲ್ವಿಯಾದ ಬೆಳಕು ಇಲ್ಲಿಗೆ ಬರೋಕೆ ಸುಮಾರು 20 ನಿಮಿಷ ತಗೊಳ್ಳುತ್ತೆ. ಎರಡು ರಾತ್ರಿಗೆ ಅದು ಬದಲಾಗಲ್ಲ. ಆದರೆ ಎರಡು ತಿಂಗಳು ಬಿಟ್ಟು ಮತ್ತೆ ತೆಗೆದು ಸೇರಿಸ್ತೀರಾದರೆ, ದೂರ ಅರ್ಧ ಖಗೋಳಮಾನ ಹೆಚ್ಚಿದ್ದರೂ ನಾಲ್ಕು ನಿಮಿಷ ತಡ. ತಿದ್ದದೆ ಸೇರಿಸಿದರೆ ಹೊಸ ಗ್ರಾಫ್ ಹಳೆಯದರ ಪಕ್ಕಕ್ಕೆ ಜಾರಿ ಕೂರುತ್ತೆ. ಬೆಳಕಿನ ಕಾಲ ತಿದ್ದಿದ್ದೀರೋ ಇಲ್ಲವೋ ಅನ್ನೋದನ್ನ ಕಡತದಲ್ಲೇ ಬರೆದು ಕಳಿಸಿ.